ತುಂಗನಾಥದ ಖಿಂಡಿ ದಾಟಿದ ದೊಡ್ಡವ್ವ

ಅವಳ ಹೆಸರು ನನಗೆ ಗೊತ್ತಿದೆ, ಬರೆಯುವುದಿಲ್ಲ. ಬದುಕಿದ್ದಾಗ ಹಾನಗಲ್ಲಿನಲ್ಲಿ ಆ ಹೆಸರು ಹಿಡಿದು ಅವಳನ್ನು ಕರೆದವರು ಯಾರೂ ಇರಲಿಲ್ಲ. ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿ ಅವಳ ತವರೂರು, ಹಾಗಾಗಿ ಓಣಿಗೆಲ್ಲ ಅವಳು ಬೆಂಡಿಗೇರಿ ಅಕ್ಕಾರು. ನನಗೆ ದೊಡ್ಡವ್ವ. ರಕ್ತಸಂಬಂಧವಲ್ಲ, ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ ಇತ್ತು, ಅದೇ ಸಂಬಂಧ. ‘ಅವರು’ ಎಂದು ಮರ್ಯಾದೆಯಿಂದ ಬರೆಯೋಣವೆಂದು ಒಂದು ಪುಟ ಬರೆದೂ ನೋಡಿದೆ. ಯಾವುದೋ ಸ್ಕೂಲ್ ಇನ್‌ಸ್ಪೆಕ್ಟರರ ಸೆಂಡ್‌ಆಫ್ ಭಾಷಣದಂತಾಯಿತು. ಹರಿದು ಹಾಕಿದೆ.

ಮೊನ್ನೆ ಪರಿಚಯದವರೊಬ್ಬರು ಕೇದಾರಕ್ಕೆ ಹೋಗಿ ಬಂದು ಪ್ರಸಾದ ಕೊಟ್ಟರು. ಏರು ಹೇಗಿತ್ತು ಎಂದು ಕೇಳಿದೆ. “ನಾವು ಹೆಲಿಕಾಪ್ಟರಿನಾಗ ಹೋದ್ವಿ ಅಜ್ಜಿ, ಎರಡ ಕಾಫಿ ಕುಡಿಯೂದರಾಗ ಇಳಿಸಿಬಿಟ್ಟ” ಅಂದರು. ಪಾಪ, ಸಂತೋಷದಿಂದಲೇ ಅಂದರು. ಅವರು ಹೋದ ಮೇಲೆ ಪ್ರಸಾದದ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಆ ಕಡೆಯ ಗುಡ್ಡಗಳನ್ನು ಕಾಲಿನಿಂದ ಏರಿದವರಲ್ಲಿ ನನಗೆ ಗೊತ್ತಿದ್ದವರೆಲ್ಲ ಹೋಗಿಬಿಟ್ಟಿದ್ದಾರೆ. ಮಾತಾಡಲಿಕ್ಕೆ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಪ್ಪ ಹಾನಗಲ್ಲಿನಲ್ಲಿ ವಕೀಲರು. ನಾನು ಧಾರವಾಡದ ಕಾನ್ವೆಂಟಿನಲ್ಲಿ ಬೋರ್ಡರ್. ರಜೆಗೆ ಊರಿಗೆ ಬಂದ ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದುದು ಗೋಡೆಯಾಚೆಯಿಂದ ಬರುವ ದೊಡ್ಡವ್ವನ ದನಿ.

“ನಿನ್ನಿ ಬೆಕ್ಕು ಬಂದು ಹಾಲ ಕುಡದು ಹೋತು. ನೀ ನೋಡಕೋತ ಕುಂತಿ. ಒಂದ ಸಲ ಹುಶ್ ಅಂದಿದ್ರ ನಿನ್ನ ಗಂಟೇನ ಹೋಗತಿತ್ತು?”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ಏನೋ ಉತ್ತರ ಬಂದವರ ಹಾಗೆ, “ಆತು ಬಿಡು. ಮಾತಿಗೆ ಮಾತು ಬೆಳಸಬ್ಯಾಡ.”

ಸಣ್ಣವಳಿದ್ದಾಗ ಒಳಗೆ ಅವಳ ಗಂಡ ಇದ್ದಾನೆಂದೇ ತಿಳಿದಿದ್ದೆ. ಗಂಡ ಪ್ಲೇಗಿನಲ್ಲಿ ಹೋಗಿ ಆಗಲೇ ಒಂದು ತಲೆಮಾರು ಕಳೆದಿತ್ತು. ಅವನ ಮುಖ ತನಗೆ ಸರಿಯಾಗಿ ನೆನಪಿಲ್ಲವೆಂದು ಅವಳೇ ಹೇಳುತ್ತಿದ್ದಳು. ಮಕ್ಕಳಿಲ್ಲ. ಮನೆಯಲ್ಲಿ ಅವಳೊಬ್ಬಳೇ. ಮಾತು ನಡೆಯುತ್ತಿದ್ದುದು ಅಂಗೈಯಲ್ಲಿದ್ದ ಲಿಂಗದ ಜೊತೆ.

ನಮ್ಮ ಲಿಂಗವಂತರಲ್ಲಿ ಕೂಸು ಹುಟ್ಟಿದ ಕೆಲವೇ ದಿನಕ್ಕೆ ಮಠದ ಅಯ್ಯನವರು ಬಂದು ಅದಕ್ಕೆ ಲಿಂಗ ಕಟ್ಟುತ್ತಾರೆ. ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡಿರುವುದು, ಪೂಜೆಯ ಹೊತ್ತಿಗೆ ತೆಗೆದು ಎಡಗೈಯಲ್ಲಿ ಹಿಡಿದು ನೋಡುವುದು, ಸಾಯುವ ತನಕ ಅದೇ ಒಂದು. ನನಗೂ ಇತ್ತು. ಕಾನ್ವೆಂಟಿನಲ್ಲಿ ಹೊಸದಾಗಿ ಬಂದ ಸಿಸ್ಟರ್ ಒಬ್ಬರು ನನ್ನ ಕರಡಿಗೆಯನ್ನು ಲಾಕೆಟ್ ಎಂದು ತಿಳಿದು, ಒಳಗೆ ಯಾರ ಫೋಟೋ ಇದೆ ಎಂದು ಪ್ರೀತಿಯಿಂದ ಕೇಳಿದ್ದರು. ನಾವು ಮಂಡಿಯೂರಿ ಹೇಳುತ್ತಿದ್ದ ಮಾರ್ನಿಂಗ್ ಪ್ರೇಯರ್ ನನಗೆ ರೆಸಿಟೇಶನ್ ಇದ್ದ ಹಾಗೆ ಅನ್ನಿಸುತ್ತಿತ್ತು. ತಪ್ಪಿಲ್ಲದೆ ಒಪ್ಪಿಸಿದರೆ ಮುಗಿಯಿತು. ದೊಡ್ಡವ್ವನದು ಬೇರೆ. ಒಂದೇ ಮನೆಯಲ್ಲಿ ನಲವತ್ತು ವರ್ಷ ಇದ್ದವರು ಆಡುವ ಮಾತು ಅದು. ಅರ್ಧ ಜಗಳ, ಅರ್ಧ ಸಂಸಾರ.

ಅವಳ ಒಂದು ನೇಮ ಓಣಿಗೆಲ್ಲ ನಗೆಯ ವಿಷಯವಾಗಿತ್ತು. ಏನೇ ತಿನ್ನಲಿ, ಊಟವಿರಲಿ, ಒಂದು ಚೂರು ಬೆಲ್ಲವಿರಲಿ, ಮೊದಲು ಕರಡಿಗೆ ತೆಗೆದು ಲಿಂಗವನ್ನು ಅಂಗೈಗೆ ತಂದುಕೊಂಡು, ತೋರಿಸಿ ಆಮೇಲೆ ಬಾಯಿಗೆ ಹಾಕುವಳು. ಉಳಿದವರೆಲ್ಲ ಊಟಕ್ಕೆ ಮಾತ್ರ ಹಾಗೆ ಮಾಡುತ್ತಿದ್ದರು. ನಡುವೆ ತಿನ್ನುವ ಕುರುಕಲಿಗೆ ಎದೆಯ ಮೇಲೊಮ್ಮೆ ಕೈ ಮುಟ್ಟಿಸಿದರೆ ಆಯಿತು. ಅಪ್ಪ ಚೇಷ್ಟೆ ಮಾಡುತ್ತಿದ್ದರು: “ಅಕ್ಕಾರ, ಒಂದ ಶೇಂಗಾ ಕಾಳಿಗೂ ಸಾಹೇಬ್ರ ಪರ್ಮಿಶನ್ ಬೇಕೇನ್ರಿ?”

“ಹೌದ್ರಿ ವಕೀಲ್ರ. ನೀವು ಕೋರ್ಟಿನ್ಯಾಗ ಕೆಮ್ಮಬೇಕಾದ್ರೂ ಜಡ್ಜ್ ಸಾಹೇಬ್ರ ಕಡೆ ಒಮ್ಮಿ ನೋಡತೀರಿಲ್ಲೋ, ಹಂಗ.”

ನಡಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳನ್ನು ಕರೆಯಲು ತವರಿನಿಂದ ಅಣ್ಣನೋ ತಮ್ಮನೋ ಬಂಡಿ ಕಟ್ಟಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಇದ್ದೊಬ್ಬ ತಮ್ಮ ತೀರಿಕೊಂಡ ಮೇಲೆ ಅವಳನ್ನು ಕರೆಯಲು ಯಾರೂ ಬರಲಿಲ್ಲ. ಮೂರನೆಯ ವರ್ಷ ಅವಳು ನಸುಕಿನಲ್ಲೆದ್ದು ಬುತ್ತಿ ಕಟ್ಟಿಕೊಂಡು ಹಿರೇಬೆಂಡಿಗೇರಿಗೆ ನಡೆದೇ ಹೋದಳು. ಮಳೆಗಾಲದ ಎರೆಮಣ್ಣಿನ ದಾರಿ. ಹೆಜ್ಜೆಗೆ ಸೇರು ಮಣ್ಣು ಕಾಲಿಗೆ ಮೆತ್ತುವ ಹೊತ್ತು. ತಮ್ಮನ ಹೆಂಡತಿ ನೀರು ಕೊಟ್ಟು ಮಾತಾಡಿಸಿದಳಂತೆ, ಇರು ಎನ್ನಲಿಲ್ಲವಂತೆ. ಮಾರನೆಯ ದಿನ ತಿರುಗಿ ಬಂದಳು. ನಮ್ಮವ್ವ ಅವಳ ಕಾಲಿಗೆ ಬಿಸಿನೀರು ಹಾಕುತ್ತ ಸಿಟ್ಟಾದಳು: “ಕರೀಲಾರದವರ ಮನಿಗೆ ಯಾಕ ಹೋಗಬೇಕಿತ್ತು?”

“ಕರೀಲಿಲ್ಲ ಅಂದ್ರ ತವರೇನು ಎದ್ದು ಬ್ಯಾರೆ ಊರಿಗೆ ಹೋಗತೈತೇನು? ನಾ ನೋಡಬೇಕಿತ್ತು, ನೋಡಿ ಬಂದೆ.”

ಆಮೇಲೆ ಪ್ರತಿವರ್ಷ ಹೋದಳು.

ನನ್ನ ಅವ್ವ ತೀರಿಕೊಂಡಳು. ನಾನಾಗ ಮ್ಯಾಟ್ರಿಕ್ ಓದುತ್ತಿದ್ದೆ. ಮರುವರ್ಷದ ಬೇಸಿಗೆಯಲ್ಲಿ, ಎರಡನೆಯ ಮಹಾಯುದ್ಧ ಶುರುವಾಗುವ ಮುಂಚೆ, ಸವಣೂರಿನ ಅಯ್ಯನವರೊಬ್ಬರು ಕೇದಾರಯಾತ್ರೆಗೆ ಒಂದು ಪಾರ್ಟಿ ಹೊರಡಿಸಿದರು. ಕರಡಿಯಷ್ಟು ದೊಡ್ಡ ದೇಹ, ಬಾಯಲ್ಲಿ ಸದಾ ಸವಣೂರಿನ ವೀಳ್ಯದೆಲೆ. ಒದ್ದೆ ಅರಿವೆಯಲ್ಲಿ ಸುತ್ತಿ ತಂದಿದ್ದ ಎಲೆಯ ಕಟ್ಟು ದಿಲ್ಲಿ ಮುಟ್ಟುವುದರೊಳಗೆ ಕೊಳೆತಾಗ ಅವರು ಸೂತಕದವರ ಹಾಗೆ ಎರಡು ಸ್ಟೇಷನ್ ಮಾತಾಡಲಿಲ್ಲ. ಅಪ್ಪ ಮನೆಯಲ್ಲಿ ಕೂತು ಕೂತು ಕರಗುತ್ತಿದ್ದರು, ಹೊರಟರು. ನನ್ನನ್ನು ಎಲ್ಲಿ ಬಿಡುವುದು? ನಾನೂ ಹೊರಟೆ. ಹೆಣ್ಣುಹುಡುಗಿ ಒಬ್ಬಳೇ ಹೇಗೆ ಎಂದು ಜನ ಅಂದಾಗ ದೊಡ್ಡವ್ವ, “ಒಬ್ಬಾಕಿ ಯಾಕ, ನಾ ಅದೀನಲ್ಲ” ಅಂದು ತನ್ನ ಗಂಟು ಕಟ್ಟಿದಳು.

ಮೋಟಾರು ಹೋಗುವಷ್ಟು ದೂರ ಹೋಗಿ, ಆಮೇಲೆ ದಿನಗಟ್ಟಲೆ ಕಾಲುದಾರಿ. ಕೇದಾರದಲ್ಲಿ ಆ ಹಿಮದ ನಡುವೆ ಪೂಜಾರಿಗಳು “ಬರ್ರಿ, ಯಾವ ಊರಾತ್ರಿ?” ಎಂದು ಕನ್ನಡದಲ್ಲಿ ಕೇಳಿದಾಗ ನನಗೆ ಅಳು ಬಂತು. ಅಲ್ಲಿಯ ಅರ್ಚಕರು ಮೊದಲಿನಿಂದಲೂ ನಮ್ಮ ಕಡೆಯ ಜಂಗಮರು. ಕೆಳಗೆ ಊಖಿಮಠದಲ್ಲಿಯೂ ನಮ್ಮ ಮಾತಿನ ಗುರುಗಳೇ. ಅಲ್ಲಿ ಎರಡು ದಿನ ಇದ್ದು ಬದರಿಯ ದಾರಿ ಹಿಡಿದೆವು.

ಆ ದಾರಿಗೆ ಅಡ್ಡವಾಗಿ ತುಂಗನಾಥದ ಏರು ಬರುತ್ತದೆ. ಏರಲೇಬೇಕೆಂದಿಲ್ಲ, ಬುಡದಲ್ಲೇ ಸುತ್ತುಹಾಕಿ ಹೋಗುವ ದಾರಿಯೂ ಇದೆ. ಹುಲ್ಲು ಹೊದಿಸಿದ ತಂಗುಮನೆಯಲ್ಲಿ ಹಿಂದಿನ ಸಂಜೆ ಅಯ್ಯನವರು ಹೇಳಿದರು: “ಮೊಳಕಾಲ ನೋವಿದ್ದವರು ಕೆಳಗಿನ ದಾರಿ ಹಿಡೀರಿ. ಮ್ಯಾಲಿಂದು ಗ್ವಾಡಿ ಇದ್ದಂಗ ಐತಿ.” ಪಾರ್ಟಿಯವರೆಲ್ಲರಿಗೂ ಒಮ್ಮೆಲೇ ಮೊಳಕಾಲು ನೋವು ಬಂತು. ದೊಡ್ಡವ್ವ ಮಾತ್ರ, “ಇಷ್ಟ ದೂರ ಶಿವನ ಮನಿಗೆ ಬಂದು ಅಟ್ಟ ಹತ್ತದ ಹೋದ್ರ ಹೆಂಗ?” ಅಂದಳು. ಹೀಗೆ ನಾವು ನಾಲ್ವರು ಉಳಿದೆವು: ಅಯ್ಯನವರು, ಅಪ್ಪ, ದೊಡ್ಡವ್ವ, ನಾನು. ಜೊತೆಗೆ ಸಾಮಾನು ಹೊರುವ ಒಬ್ಬ ಪಹಾಡಿ.

ಮೊದಲಿಗೆ ಕಾಡು. ಮರಗಳ ತುಂಬ ಕೆಂಪು ಹೂವಿನ ಗೊಂಚಲು. ಉದುರಿದ ಹೂವಿನ ಮೇಲೇ ಕಾಲಿಡಬೇಕು. ಆಮೇಲೆ ಮರಗಳು ಗಿಡ್ಡವಾದವು, ಆಮೇಲೆ ಇಲ್ಲವಾದವು. ಉಳಿದದ್ದು ಹುಲ್ಲು, ಕಲ್ಲು, ನೆರಳಿನ ಮಡಿಕೆಗಳಲ್ಲಿ ಕೊಳೆಯಾದ ಹಿಮ. ದಾರಿ ಹೋಗುತ್ತಿದೆ ಎನ್ನುವುದಕ್ಕಿಂತ ಮಡಚಿಕೊಳ್ಳುತ್ತಿದೆ ಎನ್ನಬೇಕು. ಒಂದು ಸುತ್ತು ಏರಿ ತಿರುಗಿದರೆ ಈಗಷ್ಟೇ ಬಿಟ್ಟ ಕಲ್ಲು ಕಾಲಡಿಯಲ್ಲೇ ಕಾಣುತ್ತದೆ. ಎಷ್ಟು ಉಸಿರೆಳೆದರೂ ನನ್ನ ಲಂಗ್ಸ್ ತುಂಬುತ್ತಿರಲಿಲ್ಲ. ಕಿವಿಯಲ್ಲಿ ನನ್ನದೇ ಎದೆ ಬಡಿದುಕೊಳ್ಳುವ ಸದ್ದು. ನೆತ್ತಿಯ ಮೇಲೆ ಎರಡು ಕಲ್ಲುಗುಡ್ಡಗಳ ನಡುವೆ ಹಲ್ಲು ಬಿದ್ದ ಬಾಯಿಯಂಥ ಒಂದು ಸಂದು. ಅದೇ ನಾವು ದಾಟಬೇಕಾದ ಖಿಂಡಿ. ನೋಡಿದಾಗಲೆಲ್ಲ ಅಷ್ಟೇ ದೂರದಲ್ಲಿ ಇರುತ್ತಿತ್ತು.

“ಮ್ಯಾಲ ನೋಡಬ್ಯಾಡ, ತಂಗಿ” ಅಂದಳು ದೊಡ್ಡವ್ವ. “ಅದು ಎಲ್ಲಿಗೂ ಹೋಗೂದಿಲ್ಲ. ಮುಂದಿನ ಕಲ್ಲ ನೋಡು. ಅದರ ಮುಂದಿಂದು ಆಮ್ಯಾಲೆ.”

ಅವಳ ನಡಿಗೆಯಲ್ಲಿ ಅವಸರವಿರಲಿಲ್ಲ, ನಿಲುಗಡೆಯೂ ಇರಲಿಲ್ಲ. ಹಾನಗಲ್ಲಿನ ಮೋಚಿ ಹೊಲಿದ ಚಪ್ಪಲಿಯನ್ನು ಹಗ್ಗದಿಂದ ಪಾದಕ್ಕೆ ಕಟ್ಟಿಕೊಂಡು, ಸೀರೆಯನ್ನು ಕಚ್ಚೆ ಹಾಕಿ, ಸೊಂಟದ ಮೇಲೊಂದು ಕೈಯಿಟ್ಟು, ಹೊಲಕ್ಕೆ ಬುತ್ತಿ ಒಯ್ಯುವವಳ ಹಾಗೆ ಹೋಗುತ್ತಿದ್ದಳು. ಅಯ್ಯನವರು ಪ್ರತಿ ತಿರುವಿಗೂ ಕೂರುತ್ತಿದ್ದರು. “ಅಯ್ಯಾರ, ಎಲಿ ಅಡಿಕಿ ಇದ್ದಿದ್ರ ಹಾರಿ ಹೋಗತಿದ್ರಿ ನೀವು” ಎಂದು ಅವಳು ಅಂದರೆ, ಪಾಪ, ಅವರಿಗೆ ಬೈಯಲೂ ಉಸಿರಿರಲಿಲ್ಲ.

ಖಿಂಡಿ ಇನ್ನು ನಾಲ್ಕೈದು ಸುತ್ತು ಇರುವಾಗ ಗಾಳಿ ಎದ್ದಿತು. ಮೋಡ ಕೆಳಗಿನಿಂದ ಮೇಲಕ್ಕೆ ಬರುವುದನ್ನು ನಾನು ಅದೇ ಮೊದಲ ಸಲ ನೋಡಿದ್ದು. ದೊಡ್ಡವ್ವ ಒಮ್ಮೆಲೇ ನಿಂತಳು. ಮುಖ ಬಿಳಿಚಿಕೊಂಡಿತ್ತು, ತುಟಿ ನೀಲಿ. ಕಲ್ಲಿನ ಮೇಲೆ ಕೂತಳು.

“ಅಕ್ಕಾರ, ಮೊದಲ ಏನರೆ ತಿನ್ರಿ” ಅಂದರು ಅಪ್ಪ.

ಉಡಿಯಿಂದ ಒಂದು ಶೇಂಗಾ ಉಂಡೆ ತೆಗೆದಳು. ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವಳು ಬಲಗೈಯಲ್ಲಿ ಉಂಡೆ ಹಿಡಿದು, ಎಡಗೈಯಿಂದ ಕರಡಿಗೆ ತೆರೆದು, ಅರಿವೆಯ ಮಡಿಕೆ ಬಿಡಿಸಿ ಲಿಂಗವನ್ನು ಅಂಗೈಗೆ ಉರುಳಿಸಿಕೊಂಡಳು. ಚಳಿಗೆ ಅವಳ ಬೆರಳು ಬಾತು ಮರಗಟ್ಟಿದ್ದವು. ಏನನ್ನಾದರೂ ಹಿಡಿದಿವೆಯೋ ಇಲ್ಲವೋ ಎನ್ನುವುದು ಆ ಬೆರಳುಗಳಿಗೆ ತಿಳಿಯಲಿಲ್ಲ. ಲಿಂಗ ಅಂಗೈಯ ಅಂಚಿನಿಂದ ಜಾರಿತು. ಕಲ್ಲಿಗೆ ಒಮ್ಮೆ ತಾಗಿ ಟಕ್ ಎಂದಿತು. ಅಲ್ಲಿಂದ ಇಳಿಜಾರಿನ ಹಿಮದ ಮೇಲೆ ಬಿದ್ದು, ಬೆರಳಿನಿಂದ ಎಳೆದಂಥ ಒಂದು ಗೆರೆ ಬರೆಯುತ್ತ ಹೋಗಿ, ಹಿಮದಡಿಯಲ್ಲಿ ನೀರು ಹರಿಯುವ ಕೊರಕಲಿನ ಬಾಯಲ್ಲಿ ಇಲ್ಲವಾಯಿತು.

ದೊಡ್ಡವ್ವ ಬಲಗೈಯಲ್ಲಿ ಉಂಡೆ ಹಿಡಿದು ಎಡಗೈಯನ್ನು ಹಾಗೇ ಚಾಚಿಕೊಂಡು ಕೂತಿದ್ದಳು.

ಅಪ್ಪ ಇಳಿಯಲು ಹೋದರು. ಪಹಾಡಿ ಅವರ ತೋಳು ಹಿಡಿದು ನಿಲ್ಲಿಸಿ ತಾನೇ ಇಳಿದ. ಬಹಳ ಹೊತ್ತಿನ ಮೇಲೆ ಮೊಳಕೈತನಕ ಒದ್ದೆಯಾಗಿ ಬಂದು ತಲೆಯಲ್ಲಾಡಿಸಿದ. ನೀರು ಒಳಗೊಳಗೇ ಎತ್ತಲೋ ಹೋಗುತ್ತದೆ ಅಂದ. ಮಧ್ಯಾಹ್ನದ ಮೇಲೆ ಇಲ್ಲಿ ಆಲಿಕಲ್ಲು ಬೀಳುತ್ತದೆ, ತಿನ್ನದೆ ಕುಡಿಯದೆ ಕೂತವರು ಏಳುವುದಿಲ್ಲ, ಬೇಗ ನಡೆಯಿರಿ ಎಂದೂ ಅಂದ. ಅಪ್ಪ ತಮ್ಮ ನೀರಿನ ಫ್ಲಾಸ್ಕ್ ಮುಂದೆ ಹಿಡಿದರು. ದೊಡ್ಡವ್ವ ತಲೆಯಲ್ಲಾಡಿಸಿದಳು. ಲಿಂಗವಿಲ್ಲದೆ ಗುಟುಕು ನೀರನ್ನೂ ಮುಟ್ಟುವವಳಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಯ್ಯನವರು ಅವಳೆದುರು ಕೂತು, ಜೀವಮಾನದಲ್ಲಿ ಮೊದಲ ಸಲವೋ ಏನೋ ಮೆತ್ತಗೆ ಮಾತಾಡಿದರು. “ಯವ್ವಾ, ಕೇಳಿಲ್ಲಿ. ತಿರುಗಿ ಊಖಿಮಠಕ್ಕ ಹೋಗೂಣು. ಗುರುಗಳ ಅದಾರ, ಬ್ಯಾರೆ ಲಿಂಗ ಕಟ್ಟತಾರ. ಅಲ್ಲೀಮಟಾ ನನ್ನ ಪಾದೋದಕ ತಗೋ. ಶಾಸ್ತ್ರದಾಗ ದೋಷಿಲ್ಲ.”

“ಬ್ಯಾರೇದ?”

“ಹೂಂ. ಕಳದವರಿಗೆ ಕೊಡತಾರ. ನೀ ಒಬ್ಬಾಕಿ ಅಲ್ಲ ಕಳಕೊಂಡಾಕಿ.”

ಅವಳು ಅವರನ್ನೇ ನೋಡಿದಳು. “ಅಯ್ಯಾರ, ಗಂಡ ಹೋದಾಗ ನಾ ಇನ್ನೂ ಹುಡುಗಿ. ಉಡಿಕಿ ಮಾಡಿಕೊಂಡು ಬ್ಯಾರೆ ಮನಿಗೆ ಹೋಗು ಅಂತ ಎಲ್ಲಾರೂ ಅಂದ್ರು. ಒಲ್ಲೆ ಅಂದೆ. ಇವ ಅದಾನಲ್ಲ, ಸಾಕು ಅಂದೆ. ಈಗ ಈ ವಯಸ್ಸಿನಾಗ ನೀವು ಎರಡನೇ ಸಂಬಂಧ ತಂದೀರಿ.”

ಅಪ್ಪನಿಗೆ ನಗೆ ಬಂತು. ನಕ್ಕವರು ಹಾಗೇ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು.

“ಇದು ಚಾಷ್ಟಿ ಮಾತಲ್ಲ” ಅಂದರು ಅಯ್ಯನವರು. “ಲಿಂಗ ಇಲ್ದಂಗ ಊರಿಗೆ ಹ್ವಾದ್ರ ನಿನ್ನ ಯಾರೂ ಪಂಕ್ತಿಗೆ ಕುಂಡರಸೂದಿಲ್ಲ. ನಿನ್ನ ಮನ್ಯಾಗ ನೀರ ಕುಡಿಯೂದಿಲ್ಲ. ಸತ್ತರ ನಮ್ಮ ಮಣ್ಣಾಗ ಜಾಗಾ ಕೊಡೂದಿಲ್ಲ. ತಿಳೀತಿಲ್ಲೋ?”

“ತಿಳೀತ್ರಿ.”

“ಮತ್ತ?”

“ನೀವು ನಡೀರಿ. ನಾ ಬರತೇನಿ.”

ಅಯ್ಯನವರು ಎದ್ದು ಸಿಟ್ಟಿನಿಂದಲೇ ಏರತೊಡಗಿದರು. ಖಿಂಡಿಯ ಹತ್ತಿರದ ಗುಡಿಸಲಿನಿಂದ ಅವಳನ್ನು ಹೊರುವುದಕ್ಕೆ ಯಾರನ್ನಾದರೂ ಕರೆತರುತ್ತೇನೆಂದು ಅಪ್ಪ ಫ್ಲಾಸ್ಕನ್ನು ನನ್ನ ಕೈಗಿಟ್ಟು ಅವರ ಹಿಂದೆ ಹೋದರು. ನಾನು ಅವಳ ಪಕ್ಕ ಕೂತೆ. ಅಷ್ಟು ನಿಶ್ಶಬ್ದವನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಕಾನ್ವೆಂಟಿನ ಡಾರ್ಮಿಟರಿಯಲ್ಲಿ ಸೈಲೆನ್ಸ್ ಬೆಲ್ ಆದ ಮೇಲೂ ಯಾರಾದರೂ ಕೆಮ್ಮುತ್ತಿದ್ದರು. ಇಲ್ಲಿ ಗಾಳಿ ನಿಂತಾಗ ಹಿಮದಡಿಯ ನೀರಿನ ಸದ್ದೊಂದೇ. ಅವ್ವ ಹೋದ ಮೇಲೆ ಮನೆಯಲ್ಲಿ ಇದ್ದುದೂ ಇದೇ ನಿಶ್ಶಬ್ದವೆಂದು ನನಗೆ ಅನ್ನಿಸಿತು. ದೊಡ್ಡವ್ವ ಎದ್ದರೆ ಸಾಕು, ಇನ್ನೇನೂ ಬೇಡ ಎಂದು ಇಂಗ್ಲಿಷಿನಲ್ಲಿ ಪ್ರೇಯರ್ ಹೇಳಿಕೊಂಡೆ; ನನಗೆ ಬಾಯಿಪಾಠವಿದ್ದುದು ಅದೊಂದೇ.

ಪಹಾಡಿ ಮತ್ತೊಮ್ಮೆ ಕೊರಕಲಿಗೆ ಇಳಿದು, ನುಣ್ಣಗಿನ ಕಪ್ಪು ಕಲ್ಲೊಂದನ್ನು ಆರಿಸಿ ತಂದು ಇದೇನೋ ನೋಡಿ ಎನ್ನುವಂತೆ ಅವಳ ಮುಂದೆ ಹಿಡಿದ. ಅವಳು ತೆಗೆದುಕೊಂಡು, ತಿರುಗಿಸಿ ನೋಡಿ, ಮೆಲ್ಲಗೆ ಅವನ ಕೈಗೇ ಇಟ್ಟಳು. “ಚಂದ ಐತಪ್ಪಾ. ಆದ್ರ ಇವ ನನ್ನ ಗುರತು ಹಿಡಿಯೂದಿಲ್ಲ.” ಅವನಿಗೆ ಕನ್ನಡ ತಿಳಿಯದು. ಆದರೂ ಕೈಮುಗಿದು ದೂರ ಹೋಗಿ ಕೂತ.

ಆಮೇಲೆ ಅವಳು ಎಡಗೈಯನ್ನು ಎದೆಯ ಮಟ್ಟಕ್ಕೆ ತಂದಳು. ಬೆಳಿಗ್ಗೆ ಪೂಜೆಗೆ ಕೂತಾಗ ಹಿಡಿಯುವ ಹಾಗೆ. ಬರಿದಾದ ಅಂಗೈಯನ್ನು ನೋಡುತ್ತ ಕೂತಳು. ತುಟಿ ಅಲ್ಲಾಡುತ್ತಿತ್ತು, ಮಾತು ನನಗೆ ಕೇಳಿಸಲಿಲ್ಲ. ಹೊತ್ತು ಹೋಯಿತು. ಒಂದು ಸಲ “ಹೂಂ” ಅಂದದ್ದು ಮಾತ್ರ ಕೇಳಿತು. ಆಮೇಲೆ ಉಂಡೆಯನ್ನು ಅಂಗೈಗೆ ತೋರಿಸಿ, ಮುರಿದು, ಅರ್ಧ ನನಗೆ ಕೊಟ್ಟು ಅರ್ಧ ತಾನು ತಿಂದಳು. ಫ್ಲಾಸ್ಕಿನ ನೀರು ಕುಡಿದಳು. ಚಪ್ಪಲಿಯ ಹಗ್ಗ ಬಿಗಿದುಕೊಂಡು ಎದ್ದಳು.

ಖಿಂಡಿಯ ತನಕ ಅವಳು ಎಲ್ಲೂ ಕೂರಲಿಲ್ಲ. ಇಬ್ಬರು ಕೂಲಿಯವರನ್ನು ಕರೆದುಕೊಂಡು ಅಪ್ಪ ಎದುರಿಗೆ ಬಂದರು; ಅವಳನ್ನು ನೋಡಿ ದಾರಿ ಬಿಟ್ಟರು. ಮೇಲೆ ಅಯ್ಯನವರು ನಿಂತಿದ್ದರು.

“ಏನ ಮಾಡಿದಿ ಯವ್ವಾ?”

“ಊಟಾ ಮಾಡಿದೆರಿ.”

ಖಿಂಡಿಯೆಂದರೆ ಹೇಳಿಕೊಳ್ಳುವಂಥದ್ದೇನೂ ಅಲ್ಲ; ಎರಡೂ ಕಡೆ ಒಡೆದ ಬಂಡೆ, ನಡುವೆ, ದಾಟಿಹೋದವರು ಒಂದೊಂದಾಗಿ ಇಟ್ಟ ಕಲ್ಲಿನ ಗುಡ್ಡೆ. ಆಚೆ ಬದಿಯಲ್ಲಿ ಮೋಡ ಸೀಳಿದ ಕಡೆ ಹಿಮದ ಶಿಖರಗಳು ಸಾಲಾಗಿ ಕಂಡವು. ನಾವು ಮೂವರೂ ಅತ್ತ ನೋಡುತ್ತ ನಿಂತೆವು. ದೊಡ್ಡವ್ವ ಮಾತ್ರ ಅದಕ್ಕೆ ಬೆನ್ನು ಮಾಡಿ, ಬಂದ ಕಡೆಗೆ, ಕೊರಕಲಿನ ಕಡೆಗೆ ನೋಡುತ್ತಿದ್ದಳು. ಲಿಂಗ ಸುತ್ತಿಡುತ್ತಿದ್ದ ಅಂಗೈಯಗಲದ ಅರಿವೆಯನ್ನು ಕರಡಿಗೆಯಿಂದ ತೆಗೆದು ಕಲ್ಲಿನ ಗುಡ್ಡೆಯಲ್ಲಿ, ಗಾಳಿಗೆ ಹಾರದಂತೆ, ಒಂದು ಕಲ್ಲಿನಡಿ ಇಟ್ಟಳು. “ಥಂಡಿ ಭಾಳ ಇಲ್ಲೆ” ಅಂದಳು. ಯಾರಿಗೆ ಅಂದಳೆಂದು ನಾನು ಕೇಳಲಿಲ್ಲ.

ಊರಿಗೆ ಬಂದ ಮೇಲೆ ಗೋಡೆಯಾಚೆಯ ಮಾತು ನಿಲ್ಲಲಿಲ್ಲ. ಆದರೆ ಅದರ ಧಾಟಿ ಬದಲಾಗಿತ್ತು. ಬೈಗುಳ ಕಡಿಮೆಯಾಗಿ ಕುಶಲಪ್ರಶ್ನೆ ಹೆಚ್ಚಾಯಿತು. “ಅಲ್ಲೆ ಈಗ ಹಿಮಾ ಬಿದ್ದಿರಬೇಕಲ್ಲ. ಇಲ್ಲೆ ಮಳಿ ಈಗ ನಿಂತೈತಿ” ಅನ್ನುತ್ತಿದ್ದಳು. ದೂರದ ಊರಿನಲ್ಲಿ ನೌಕರಿಗಿರುವವರಿಗೆ ಹೇಳುವ ಹಾಗೆ.

ಅಪ್ಪ ಎಲ್ಲೂ ಬಾಯಿಬಿಟ್ಟಿರಲಿಲ್ಲ. ಅಯ್ಯನವರೂ ಅಷ್ಟೆ. ಅದು ಹೊರಬಿದ್ದದ್ದು ಹಿರೇಕೆರೂರಿನ ಒಂದು ಮದುವೆಯಲ್ಲಿ, ಅವಳ ಬಾಯಿಂದಲೇ. ಅವಳ ಗಂಡನ ಕಡೆಯವರ ಮದುವೆ. ಜೊತೆಗೆ ನನ್ನನ್ನು ಕರೆದುಕೊಂಡು ಹೋಗಿದ್ದಳು. ಪಂಕ್ತಿಯಲ್ಲಿ ಎಲ್ಲರೂ ಕರಡಿಗೆ ತೆಗೆದರು. ದೊಡ್ಡವ್ವ ಬರಿಗೈ ಹಿಡಿದಳು. ಪಕ್ಕದ ಎಲೆಯ ಮುದುಕಿ ಕೇಳಿದಳು, “ಯಾಕ ತಂಗಿ, ಲಿಂಗ ತೆಗಿಯೂದಿಲ್ಲೇನ?”

“ಅವ ಇಲ್ಲಿಲ್ರಿ.”

“ಅಂದ್ರ? ಎಲ್ಲಿ ಇಟ್ಟಿ?”

“ತುಂಗನಾಥದಾಗ ಅದಾನ. ಅಲ್ಲೇ ಉಳಕೊಂಡಾ.”

“ಮತ್ತ ಬ್ಯಾರೇದ ಕಟ್ಟಿಸಿಕೊಂಡಿಲ್ಲ?”

“ಇಲ್ರಿ.”

ಮುದುಕಿ ತನ್ನ ಎಲೆಯನ್ನು ಅತ್ತ ಸರಿಸಿಕೊಂಡಳು. ಅವಳಾಚೆಯವಳೂ ಸರಿಸಿದಳು. ಸಾಲಿನುದ್ದಕ್ಕೂ ಎಲೆ ಸರಿಯುವ ಸದ್ದು ನನಗೀಗಲೂ ಕೇಳುತ್ತದೆ. ದೊಡ್ಡವ್ವ ಎದ್ದಳು. “ಕುಂಡರ್ರಿ, ನೀವು ಉಣ್ರಿ. ಅನ್ನಾ ಆರತೈತಿ” ಅಂದಳು. ನಾನೂ ಎದ್ದೆ.

ಸರ್ವೀಸ್ ಮೋಟಾರಿಗೆ ಕಾಯುತ್ತ ಮರದ ಕೆಳಗೆ ಕೂತಾಗ ಕೇಳಿದೆ, “ಕರಡಿಗಿ ಮುಚ್ಚಿಟ್ಟ ಹಿಡದು ಸುಮ್ನ ಉಂಡಿದ್ರ ಆಗತಿರಲಿಲ್ಲೇನು, ದೊಡ್ಡವ್ವಾ?”

“ಅದು ಸತ್ತವರ ಸುದ್ದಿ ಮುಚ್ಚಿಟ್ಟಂಗ ಆಕ್ಕೈತಿ, ತಂಗಿ. ಅವ ಸತ್ತಿಲ್ಲ. ದೂರ ಅದಾನ, ಅಷ್ಟ.”

ಆಮೇಲೆ ಅಯ್ಯನವರು ಹೇಳಿದ್ದೆಲ್ಲ ಆಯಿತು. ಅವಳ ಮನೆಯಲ್ಲಿ ಯಾರೂ ನೀರು ಕುಡಿಯಲಿಲ್ಲ. ಹಬ್ಬಕ್ಕೆ ಕರೆಯುವವರು ಕರೆಯಲಿಲ್ಲ. ಜನ ಕೆಟ್ಟವರಲ್ಲ, ಜ್ವರ ಬಂದರೆ ಬಾಗಿಲಲ್ಲಿ ನಿಂತು ವಿಚಾರಿಸುತ್ತಿದ್ದರು, ಒಳಗೆ ಮಾತ್ರ ಬರುತ್ತಿರಲಿಲ್ಲ. ಅಯ್ಯನವರು ಪ್ರತಿವರ್ಷ ಸವಣೂರಿನಿಂದ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಅವಳನ್ನು ಕರೆಯುವರು. ಚೀಲದಲ್ಲಿ ಹೊಸ ಲಿಂಗ ತಂದಿರುವರು.

“ಯವ್ವಾ, ವಿಚಾರ ಮಾಡಿದೇನು?”

“ಮಾಡಾಕತ್ತೇನ್ರಿ ಅಯ್ಯಾರ. ಬರೂ ವರ್ಷ ಹೇಳತೇನಿ.”

ಒಂದು ವರ್ಷ ಅವರು ರೇಗಿ ಅಂದರು, “ನೀ ಮೂಳಿ ಮುದಿಕಿ ಆಗೀದಿ.”

“ನೀವೇನ ಹುಡುಗ ಆಗಿ ಉಳದೀರೇನ್ರಿ? ಬಿಸಲಾಗ ತಿರಗಬ್ಯಾಡ್ರಿ ಹಿಂಗ.”

ನಾನು ಧಾರವಾಡದಲ್ಲಿ ಓದು ಮುಗಿಸಿ ಅಲ್ಲೇ ಟೀಚರಾದೆ. ಸ್ವಾತಂತ್ರ್ಯ ಬಂದ ಮರುವರ್ಷದ ಮಳೆಗಾಲದಲ್ಲಿ ದೊಡ್ಡವ್ವ ತೀರಿಕೊಂಡಳೆಂದು ಅಪ್ಪನ ಟೆಲಿಗ್ರಾಂ ಬಂತು. ನಾನು ಹಾನಗಲ್ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಅಪ್ಪ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಆಗಿದ್ದನ್ನು ನಿಧಾನವಾಗಿ ಹೇಳಿದರು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ, ಎಡಗೈಯಲ್ಲಿ ಅವರ ಲಿಂಗವಿಟ್ಟು. ದೊಡ್ಡವ್ವನ ಕೈಯಲ್ಲಿ ಇಡಲು ಏನಿತ್ತು? ಊರ ಹಿರಿಯರು ಒಂದು ದಾರಿ ಹೇಳಿದರಂತೆ: ಹೊಸ ಲಿಂಗ ತಂದು ಕೈಯಲ್ಲಿಟ್ಟು ಮಣ್ಣು ಮಾಡೋಣ, ಈಗಂತೂ ಬೇಡ ಎನ್ನುವವಳಲ್ಲ. ಅಪ್ಪ ಒಪ್ಪಲಿಲ್ಲ. ಬದುಕಿದ್ದಾಗ ಒಲ್ಲೆ ಅಂದದ್ದನ್ನು ಸತ್ತ ಮೇಲೆ ಹೇರುವುದು ಸಲ್ಲದು ಎಂದು ವಾದಿಸಿದರು. ಹಾಗಾದರೆ ನಮ್ಮ ರುದ್ರಭೂಮಿ ಬೇಡ, ಬೇರೆ ಎಲ್ಲಾದರೂ ನೋಡಿಕೊಳ್ಳಿ ಎಂದರು ಅವರು. ಹೆಣ ಕೂರಿಸಿದಲ್ಲೇ ಇತ್ತು. ಕಡೆಗೆ ಅಪ್ಪ ಸವಣೂರಿಗೆ ಆಳು ಕಳಿಸಿದರು.

ಅಯ್ಯನವರು ಮಳೆಯಲ್ಲಿ ಚಕ್ಕಡಿ ಕಟ್ಟಿಸಿಕೊಂಡು ಬಂದರು. ಇಬ್ಬರು ಹಿಡಿದು ಇಳಿಸಬೇಕಾಯಿತಂತೆ, ಅಷ್ಟು ಸೋತಿದ್ದರು. ಎರಡೂ ಕಡೆಯ ಮಾತು ಕೇಳಿದರು. ತಮ್ಮದೊಂದು ಮಾತೂ ಆಡದೆ “ನಡೀರಿ” ಅಂದರು. ಅವರ ಮೇಲೆ ಯಾರು ಮಾತಾಡುತ್ತಾರೆ? ರುದ್ರಭೂಮಿಗೇ ಒಯ್ದರು.

ಕುಣಿಯೊಳಗೆ ಅಯ್ಯನವರೇ ಇಳಿದರು. ಮೈಮೇಲಿನ ಶಾಲು ತೆಗೆದು ಅವಳಿಗೂ ಮೇಲೆ ನಿಂತವರಿಗೂ ನಡುವೆ ಅಡ್ಡ ಹಿಡಿಸಿದರು. ಒಳಗೆ ಬಾಗಿ ಬಹಳ ಹೊತ್ತು ಏನೋ ಮಾಡಿದರು. ಶಾಲು ಸರಿದಾಗ ದೊಡ್ಡವ್ವನ ಎಡಗೈ ಎದೆಯ ಮಟ್ಟದಲ್ಲಿತ್ತು. ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಕಟ್ಟಿದ್ದರು. ಒಳಗೆ ಏನಾದರೂ ಇದೆಯೋ ಇಲ್ಲವೋ ಯಾರಿಗೂ ಕಾಣುವಂತಿರಲಿಲ್ಲ.

ಅಯ್ಯನವರನ್ನು ಮೇಲಕ್ಕೆ ಎಳೆದುಕೊಂಡರು. ಹಿರಿಯರಲ್ಲೊಬ್ಬರು ತಡೆಯಲಾರದೆ ಕೇಳಿದರಂತೆ, “ಅಜ್ಜಾರ, ಕೈಯಾಗ ಇಟ್ಟೀರಿಲ್ಲೋ?”

ಅಯ್ಯನವರು ಮೊಳಕಾಲಿನ ಕೆಸರು ಒರೆಸಿಕೊಳ್ಳುತ್ತ ಅಂದರಂತೆ, “ಮಣ್ಣ ಹಾಕ್ರಿ. ಮಳಿ ಬರಾಕತ್ತೈತಿ.”

ಮೊದಲ ಹಿಡಿ ಅಪ್ಪ ಹಾಕಿದರು. ಆಮೇಲೆ ಎಲ್ಲರೂ ಹಾಕಿದರು.